ಟ್ವೀಟರ್ ಸತ್ತರೆ ಕಿವಿಯನ್ನು ಬೈಯಬೇಡಿ

ಐರೋಲಿ, ಪೊವಾಯಿ, ಮಲಾಡ್ ಅಂತ ದಿನಾ ಲೋಕಲ್ ಹತ್ತಿ ಇಳಿಯೋ ನಮ್ಮ ಜನಕ್ಕೆ ನಾನು ಇವತ್ತು ಹೇಳೋದು ಬರೀ ಒಂದು ಇಂಚು ಅಗಲದ ವಸ್ತುವಿನ ಬಗ್ಗೆ. ಹಳೇ ಸ್ಟೀರಿಯೋ ಸ್ಪೀಕರ್ ಡಬ್ಬದಲ್ಲಿ ಮೇಲ್ಗಡೆ ಒಂದು ಸಣ್ಣ ಗುಮ್ಮಟ ಇರುತ್ತಲ್ಲ, ಅದೇ ಟ್ವೀಟರ್.

ವೂಫರ್ ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತೆ. ಗೊರಗೊರ ಅನ್ನುತ್ತೆ, ಇಲ್ಲಾ ಡಬ್ಬವೇ ಸುಮ್ಮನಾಗುತ್ತೆ. ಟ್ವೀಟರ್ ಹಾಗಲ್ಲ, ಸದ್ದಿಲ್ಲದೆ ಸಾಯುತ್ತೆ. ಹಾಡು ಬರ್ತಾನೇ ಇರುತ್ತೆ, ಆದರೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಕೇಳುವವರು ಕ್ಯಾಸೆಟ್ ಹಳೇದಾಯ್ತು ಅಂತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೂ ಸುಲಭ, ಅವರಿಗೆ ಕಿವಿ ಮಂದವಾಯ್ತು ಅಂತಾರೆ.

ಮುಲುಂಡಿನ ರಾಯರಿಗೆ ಆಗಿದ್ದು ಅದೇ. ಬ್ಯಾಂಕಿನಿಂದ ನಿವೃತ್ತರಾದವರು, ಕಾಸರಗೋಡಿನ ಕಡೆಯವರು. ಅವರ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗ್ತಾ ಇತ್ತು. ಹೊಸದು ಎದ್ದು ನಿಲ್ಲೋವರೆಗೆ ಬಾಡಿಗೆ ಮನೆ; ಅಲ್ಲಿಗೆ ಏನು ಒಯ್ಯೋದು, ಭಂಗಾರದವನಿಗೆ ಏನು ಕೊಡೋದು ಅಂತ ಪಟ್ಟಿ ಮಾಡ್ತಿದ್ದರು. ಸ್ಪೀಕರ್ ಜೋಡಿ ಭಂಗಾರದ ಪಟ್ಟಿಯಲ್ಲಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಕ್ಯಾಸೆಟ್ಟುಗಳೂ ಅದೇ ಪಟ್ಟಿಯಲ್ಲಿದ್ದವು. ಕೇಳಿದರೆ ಅರ್ಥವೇ ತಿಳಿಯೋದಿಲ್ಲ ಮಾರಾಯ, ನನ್ನ ಕಿವಿ ಹೋಯ್ತು ಅಂದರು. ಮನೆಯವರೂ ಹಾಗೇ ನಂಬಿದ್ದರು.

ಅವರ ಮಾತನ್ನು ಪೂರ್ತಿ ತಳ್ಳಿಹಾಕೋ ಹಾಗೂ ಇರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡೋದು ಎತ್ತರದ ಆವರ್ತನಗಳನ್ನೇ. ಟ್ವೀಟರ್ ನುಡಿಸೋದೂ ಅದೇ ಭಾಗ. ಭಾಗವತರ ಜಾಗಟೆಯ ಝಣ್ ಅನ್ನೋ ಅಂಚು, ಚೆಂಡೆಗೆ ಕೋಲು ತಾಗೋ ಮೊದಲ ಕ್ಷಣ, ಸಕಾರದ ಸೀಟಿ ಎಲ್ಲ ಅಲ್ಲೇ ಇವೆ. ತಾಳಮದ್ದಳೆ ಅಂದರೆ ಮಾತೇ ತಾನೇ? ಅದರಲ್ಲಿ 'ಸ' ಮಸುಕಾದರೆ ಪದಗಳ ನಡುವಿನ ಗೆರೆಯೇ ಅಳಿಸಿಹೋಗುತ್ತೆ. ಹೀಗಿರುವಾಗ ದೋಷ ಕಿವಿಯದೋ ಡಬ್ಬದ್ದೋ ಅಂತ ಊಹೆ ಮಾಡಿ ಪ್ರಯೋಜನ ಇಲ್ಲ, ಅಳೆಯಬೇಕು.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ರಾಯರ ಮನೆಯ 'ಕರ್ನಾಟಕ ಮಲ್ಲ' ಪತ್ರಿಕೆಯನ್ನು ಕೊಳವೆ ಥರ ಸುತ್ತಿ ಒಂದು ತುದಿ ಟ್ವೀಟರ್ ಮುಂದೆ, ಇನ್ನೊಂದು ನನ್ನ ಕಿವಿಗೆ ಇಟ್ಟೆ. ವಾಲ್ಯೂಮ್ ಸಣ್ಣದಾಗಿತ್ತು. ಎಡಗಡೆಯದು ಪೂರ್ತಿ ಮೌನ. ಬಲಗಡೆಯದರಲ್ಲಿ ಎಲ್ಲೋ ದೂರದಲ್ಲಿ ಇರುವೆ ಹರಿದ ಹಾಗೆ. ಆಂಪ್ಲಿಫೈಯರಿನ ಹಿಂದೆ ಎಡ-ಬಲ ವಯರು ಅದಲು ಬದಲು ಮಾಡಿದರೂ ಮೌನ ಎಡ ಡಬ್ಬದಲ್ಲೇ ಉಳಿಯಿತು. ಅಂದರೆ ದೋಷ ಆಂಪ್ಲಿಫೈಯರಿನದಲ್ಲ.

ಮುಂದಿನದು ಮಲ್ಟಿಮೀಟರ್. ಡಬ್ಬದ ಹಿಂದಿನ ಟರ್ಮಿನಲ್ಲಿಗೆ ಮೀಟರ್ ಹಚ್ಚಿ 'ಎಲ್ಲ ಸರಿ ಇದೆ' ಅನ್ನೋರು ಇದಾರೆ. ಅದು ತೋರಿಸೋದು ವೂಫರನ್ನು ಮಾತ್ರ. ಟ್ವೀಟರಿನ ದಾರಿಯಲ್ಲಿ ಒಂದು ಕೆಪಾಸಿಟರ್ ಕೂತಿದೆ, ಅದು ಮೀಟರಿನ ಡಿ.ಸಿ.ಯನ್ನು ಬಿಡೋದಿಲ್ಲ. ಹಾಗಾಗಿ ಆಂಪ್ಲಿಫೈಯರ್ ಆರಿಸಿ, ಟ್ವೀಟರನ್ನು ಹೊರತೆಗೆದು, ಒಂದು ವಯರು ಬಿಡಿಸಿ ಅಳೆಯಿರಿ. 8 ಓಮ್ ಟ್ವೀಟರಿಗೆ ಸುಮಾರು 6 ಓಮ್ ಬಂದರೆ ಕಾಯಿಲ್ ಬದುಕಿದೆ. ಏನೂ ತೋರಿಸದಿದ್ದರೆ ಕಾಯಿಲೋ ಅದರ ಸಣ್ಣ ತಂತಿಯೋ ತುಂಡಾಗಿದೆ. ಇನ್ನೊಂದು ಮಾತು, ಸ್ಕ್ರೂಡ್ರೈವರನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ಅಯಸ್ಕಾಂತ ಅದನ್ನು ಸೆಳೆದುಕೊಂಡರೆ ಗುಮ್ಮಟಕ್ಕೆ ತೂತು ಗ್ಯಾರಂಟಿ.

ರಾಯರ ಎಡ ಟ್ವೀಟರ್ ಏನೂ ತೋರಿಸಲಿಲ್ಲ. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ ಇರೋ ಈ ಊರಲ್ಲಿ ತಂತಿಯ ತುದಿ ಹಸಿರು ಕಿಲುಬು ಹಿಡಿದು ಕಡಿದಿರೋದೂ ಉಂಟು. ಹಾಗಿದ್ದರೆ ಒಂದು ಹನಿ ಸೋಲ್ಡರಿನಲ್ಲಿ ಬದುಕುತ್ತೆ. ಇದು ಹಾಗಿರಲಿಲ್ಲ. ಗುಮ್ಮಟ ಎತ್ತಿದರೆ ಕಾಯಿಲ್ ಕಪ್ಪಾಗಿತ್ತು, ಸುಟ್ಟ ವಾರ್ನಿಶ್ಶಿನ ವಾಸನೆ. ಬಲದ್ದು 6 ಓಮ್ ತೋರಿಸ್ತು, ಅದು ಸರಿ ಇತ್ತು. ಅದರ ಮುಂದಿದ್ದ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಣಗಿ 2.1ಕ್ಕೆ ಇಳಿದಿತ್ತು. ಲೆಕ್ಕ ಹಾಕಿ: 8 ಓಮಿಗೆ 4.7 ಇದ್ದರೆ ಟ್ವೀಟರ್ ಸುಮಾರು 4,200 ಹರ್ಟ್ಸ್‌ನಿಂದ ಕೆಲಸ ಶುರು ಮಾಡುತ್ತೆ. 2.1 ಆದರೆ 9,500ರ ಹತ್ತಿರ. ನಡುವಿನದನ್ನು ನುಡಿಸೋರೇ ಇಲ್ಲ. ಸಕಾರ ಇರೋದೂ ಅಲ್ಲೇ. ಎರಡು ಡಬ್ಬಕ್ಕೆ ಎರಡು ಬೇರೆ ಕಾಯಿಲೆ, ಹೊರಗಿಂದ ಕೇಳೋಕೆ ಒಂದೇ ಥರ.

ಮೀಟರ್ ನೋಡಿ ರಾಯರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ತಿರುಗಿ, "ಕೇಳಿತಾ? ಕಿವುಡು ನನಗಲ್ಲ, ಈ ಡಬ್ಬಕ್ಕೆ" ಅಂದರು. ಸೊಸೆ ನಕ್ಕರು. ರಾಯರು ನಗಲಿಲ್ಲ.

ಸುಟ್ಟಿದ್ದು ಯಾಕೆ ಅಂತ ತಿಳಿಯದೆ ಹೊಸದು ಹಾಕೋದು, ಲಾಗ್ ಓದದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ಕೇಳಿದೆ, ಮೊಮ್ಮಗನ ಬರ್ತ್‌ಡೇ ಪಾರ್ಟಿಯಲ್ಲಿ ವಾಲ್ಯೂಮ್, ಬಾಸ್, ಟ್ರೆಬಲ್ ಮೂರೂ ಕೊನೆಗೆ ತಿರುಗಿಸಿದ್ದರಂತೆ. ಆಂಪ್ಲಿಫೈಯರ್ 20 ವಾಟಿನದು, ಡಬ್ಬದ ಮೇಲೆ 50 ವಾಟ್ ಅಂತಿದೆ, ಹೇಗೆ ಸುಡುತ್ತೆ ಅಂತ ಮಗನ ವಾದ. ಆ 50 ಇಡೀ ಡಬ್ಬಕ್ಕೆ ಹೇಳಿದ್ದು. ಸಂಗೀತದಲ್ಲಿ ಎತ್ತರದ ಸ್ವರಗಳಿಗೆ ಬೇಕಾದ ಶಕ್ತಿ ಸಣ್ಣದು, ಅದಕ್ಕೇ ಟ್ವೀಟರಿನ ಕಾಯಿಲ್ ತಡೆಯೋದು ಕೆಲವೇ ವಾಟು. ಸಣ್ಣ ಆಂಪ್ಲಿಫೈಯರನ್ನು ಶಕ್ತಿ ಮೀರಿ ದೂಡಿದಾಗ ಅಲೆಯ ತಲೆ ಚಪ್ಪಟೆಯಾಗುತ್ತೆ. ಆ ಚಪ್ಪಟೆ ಅಲೆಯಿಂದ ಮೂಲದಲ್ಲಿ ಇಲ್ಲದ ಎತ್ತರದ ಆವರ್ತನಗಳು ಹುಟ್ಟುತ್ತವೆ, ಸರಾಸರಿ ಶಕ್ತಿಯೂ ಏರುತ್ತೆ. ಎಲ್ಲ ಹೋಗಿ ಬೀಳೋದು ಕೂದಲೆಳೆಯ ತಂತಿಯ ಮೇಲೆ. ದೊಡ್ಡ ಆಂಪ್ಲಿಫೈಯರಿಗೆ ಹೆದರೋರು ಬಹಳ, ಆದರೆ ಕಿರುಚಿಕೊಳ್ಳೋ ಸಣ್ಣದೇ ಹೆಚ್ಚು ಅಪಾಯ ಅಂತ ನನ್ನ ಅಭಿಪ್ರಾಯ.

ಇನ್ನು ಪೇಟೆ. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡು. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಂಕರ್ ಮಾರ್ಗ ಅಂತಿದ್ದರೂ ಜನರ ಬಾಯಲ್ಲಿ 1903ರಿಂದ 1907ರವರೆಗೆ ಬೊಂಬಾಯಿ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನೇ ಉಳಿದುಬಿಟ್ಟಿದ್ದಾನೆ. ಅಂಗಡಿಗೆ ಹೋಗಿ 'ಟ್ವೀಟರ್ ಕೊಡಿ' ಅಂದರೆ ಮೊದಲು ಕೈಗೆ ಬರೋದು ಅಗ್ಗದ ಪೀಝೋ. ಬೇಡ ಅನ್ನಿ. ಅದಕ್ಕೆ ಕಾಯಿಲೇ ಇಲ್ಲ, ನಿಮ್ಮ ಹಳೇ ಕ್ರಾಸೋವರ್ ಅದಕ್ಕೆ ಹೊಂದೋದಿಲ್ಲ. ಸುಟ್ಟ ಟ್ವೀಟರನ್ನು ಜೇಬಿನಲ್ಲೇ ಒಯ್ದು ಓಮ್, ಅಳತೆ, ಸ್ಕ್ರೂ ತೂತಿನ ಅಂತರ ಹೊಂದಿಸಿ ನೋಡಿ.

ನಮ್ಮದರ ಗುಮ್ಮಟ ಬಿಡಿಯಾಗಿ ಸಿಗಲಿಲ್ಲ. ಅದೇ ಅಳತೆಯ ಹೊಸ ಜೋಡಿ ತಂದೆ. ಒಂದೇ ಹಾಕಬೇಡಿ, ಎಡ-ಬಲ ಎರಡು ದನಿ ಆಗಿಬಿಡುತ್ತೆ. ಹೊಸದು ಹಳೇದಕ್ಕಿಂತ 3 ಡೆಸಿಬಲ್ ಜೋರು, ಅಂದರೆ ಎರಡು ಪಟ್ಟು ಶಕ್ತಿ ಕೊಟ್ಟಷ್ಟು. ಹಾಗೇ ಬಿಟ್ಟಿದ್ದರೆ ಶೇಣಿಯವರ ಒಂದೊಂದು ಸಕಾರವೂ ಹಾವು ಬುಸುಗುಟ್ಟಿದ ಹಾಗೆ ಕೇಳಿಸ್ತಿತ್ತು. ಕೆಪಾಸಿಟರಿನ ನಂತರ ಸರಣಿಯಲ್ಲಿ 2.2 ಓಮ್, ಟ್ವೀಟರಿಗೆ ಸಮಾಂತರವಾಗಿ 20 ಓಮ್, ಎರಡೂ 5 ವಾಟಿನ ರೆಸಿಸ್ಟರ್ ಹಾಕಿದೆ. ತಕ್ಕಡಿ ಸರಿಹೋಯ್ತು. ಕೆಪಾಸಿಟರ್ ಎರಡೂ ಕಡೆ ಹೊಸದು, 4.7ರ ಫಿಲ್ಮ್ ಜಾತಿಯದು, ಇದು ಒಣಗೋದಿಲ್ಲ. ಬಿಚ್ಚೋ ಮೊದಲೇ ಪ್ಲಸ್ ವಯರು ಯಾವುದು ಅಂತ ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಕ್ಯಾಸೆಟ್ ಹಾಕಿದಾಗ ರಾಯರು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳಲಿಲ್ಲ, ಕೂತಲ್ಲಿಂದಲೇ ಕೇಳಿದರು. ಎಷ್ಟೋ ದಿನದ ಮೇಲೆ ಎದುರು ಅರ್ಥಧಾರಿ ಹೇಳೋ ಮೊದಲೇ ಉತ್ತರ ತಾವೇ ಹೇಳ್ತಾ ಇದ್ದರು. ಅವರ ಕಿವಿ ಇಪ್ಪತ್ತರ ಹುಡುಗನದಲ್ಲ, ಆಡಿಯೋಮೆಟ್ರಿ ಒಂದು ಮಾಡಿಸಿ ಅಂತ ಆಗಲೇ ಹೇಳಿದೆ. ಹೋಗ್ತೇನೆ, ಈ ಪ್ರಸಂಗ ಮುಗೀಲಿ ಅಂದರು.

ಊರಿಗೆ ಹೋದಾಗ ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಜೋಡಿ ಸಿಕ್ಕೀತು. ಮೀಟರ್ ಒಂದು ಬ್ಯಾಗಲ್ಲಿರಲಿ. ಹಳೇ ಬಿಡಿಭಾಗಗಳನ್ನು ಎಸೀಬೇಡಿ. ರಾಯರ ಆ ಬಲಗಡೆಯ ಒಳ್ಳೇ ಟ್ವೀಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಬ್ಬದೊಳಗೇ ಇಟ್ಟಿದೀನಿ, ಅದರ ಜೋಡಿ ಚೋರ್ ಬಜಾರಿನಲ್ಲಿ ಸಿಕ್ಕರೂ ಸಿಗಬಹುದು. ಲ್ಯಾಮಿಂಗ್ಟನ್ ರೋಡಿನ ಹೆಚ್ಚಿನ ಅಂಗಡಿ ಭಾನುವಾರ ಬಂದ್, ಚೋರ್ ಬಜಾರ್ ಶುಕ್ರವಾರ ಬಂದ್. ನಮ್ಮಂಥವರಿಗೆ ಎರಡಕ್ಕೂ ಇರೋದು ಶನಿವಾರ ಒಂದೇ.