ಗದ್ದೆಯ ಏಡಿ ಮತ್ತು ಜೀನಿನ ವರದಿ



ವರದಹಳ್ಳಿಯಲ್ಲಿ ಜೀನು, ವ್ಯಾಯಾಮ, ಊಟದ ವಿಷಯಕ್ಕೆ ವಿಚಾರ ಸಂಕಿರಣ ಎಂದಾಗ ಕೆಲವರು ಹುಬ್ಬೇರಿಸಿದರಂತೆ. ಆದರೆ ಇಲ್ಲಿನ ಶ್ರೀಧರ ಸ್ವಾಮಿಗಳ ಆಶ್ರಮದ ಮೆಟ್ಟಿಲಿನಲ್ಲಿ ಬೆಳಿಗ್ಗೆ ಏದುಸಿರು ಬಿಟ್ಟವರು ಯಾರ್‍ಯಾರೆಂದು ನಾನು ಗಮನಿಸಿದ್ದೇನೆ. ಹೆಚ್ಚಿನವರು ಫಿಟ್‌ನೆಸ್ ವಿಭಾಗದವರೇ. ಹೆಸರು ಹೇಳುವುದಿಲ್ಲ.

ಜೀನ್ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ವ್ಯಾಯಾಮ, ಅದಕ್ಕೆ ತಕ್ಕ ಊಟ. ಇದು ನಮ್ಮ ವಿಷಯ. ಎಸಿಟಿಎನ್3 ಎಂಬ ‘ವೇಗದ ಜೀನ್’ ಬಗ್ಗೆ ಮಧ್ಯಾಹ್ನ ಮಾತಾಡಲಿರುವ ಮೈಸೂರಿನ ಗೆಳೆಯರು ಎದುರಿಗೇ ಕೂತಿದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯಲಾರೆ. 2003ರಲ್ಲಿ ಆಸ್ಟ್ರೇಲಿಯದ ಕ್ಯಾಥರಿನ್ ನಾರ್ತ್ ಅವರ ತಂಡ ಆ ಜೀನಿಗೂ ಓಟಕ್ಕೂ ನಂಟು ತೋರಿಸಿತು. ಕೆಲವೇ ವರ್ಷಗಳಲ್ಲಿ ಸ್ಪೇನಿನವರು ಒಬ್ಬ ಒಲಿಂಪಿಕ್ ಉದ್ದಜಿಗಿತಗಾರನನ್ನು ಪತ್ತೆ ಮಾಡಿದರು. ಆ ಜೀನು ತಯಾರಿಸಬೇಕಾದ ಪ್ರೋಟೀನು ಅವನ ಸ್ನಾಯುವಿನಲ್ಲಿ ಇಲ್ಲವೇ ಇಲ್ಲ, ಆದರೂ 8.26 ಮೀಟರ್ ಜಿಗಿದಿದ್ದ. ಊಟದ ವಿಷಯದಲ್ಲಿ ಸ್ಟ್ಯಾನ್‌ಫರ್ಡಿನ ಗಾರ್ಡ್‌ನರ್ ತಂಡ 609 ಜನರನ್ನು ಒಂದು ವರ್ಷ ಎರಡು ಬಗೆಯ ಪಥ್ಯಕ್ಕೆ ಹಚ್ಚಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಜೀನಿಗೆ ಹೊಂದುವ ಪಥ್ಯ ಸಿಕ್ಕವರ ತೂಕ ಉಳಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಸಾಹಿತ್ಯ ಸಮೀಕ್ಷೆ ಇಲ್ಲಿಗೆ ಮುಗಿಯಿತು. ಉಳಿದದ್ದನ್ನು ಬಲ್ಲವರು ನೀವೇ ಇದ್ದೀರಿ.

ಈಚೆಗೆ ಒಬ್ಬ ಹುಡುಗ ನನ್ನ ಹತ್ತಿರ ಬಂದ. ವಾಲಿಬಾಲ್ ಆಡುತ್ತಾನೆ, ಮನೆಯಲ್ಲಿ ಅಡಿಕೆ ತೋಟ. ಕೈಯಲ್ಲಿ ಬಣ್ಣಬಣ್ಣದ ವರದಿ. ಎಂಜಲು ಕೊರಿಯರ್ ಮಾಡಿ ತರಿಸಿದ್ದು. ಹಸಿರು, ಹಳದಿ, ಕೆಂಪು ಚುಕ್ಕೆಗಳು. ಹಾಲಿನ ಪದಾರ್ಥದ ಎದುರು ಕೆಂಪು. ದಿನಾ ಎರಡು ಲೋಟ ಮಜ್ಜಿಗೆ ಕುಡಿದು ಅರಗಿಸಿಕೊಳ್ಳುವ ಹುಡುಗ ಆ ಚುಕ್ಕೆ ನೋಡಿ ಮಜ್ಜಿಗೆ ಬಿಟ್ಟಿದ್ದ! ಹಾಲು ಹೆಪ್ಪುಗಟ್ಟುವಾಗಲೇ ಬ್ಯಾಕ್ಟೀರಿಯಗಳು ಲ್ಯಾಕ್ಟೋಸನ್ನು ಒಂದಷ್ಟು ತಿಂದಿರುತ್ತವೆ ಎಂಬುದು ಆ ವರದಿಯಲ್ಲಿ ಎಲ್ಲೂ ಇರಲಿಲ್ಲ. ಹಿಮೋಗ್ಲೋಬಿನ್ ಎಷ್ಟಪ್ಪಾ ಎಂದೆ. ನೋಡಿಸಿಲ್ಲ ಸಾರ್ ಅಂದ.

ನಾವು ದಾರಿ ತಪ್ಪಿದ್ದು ಇಲ್ಲೇ ಎಂದು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ನೀವೂ ಕೇಳಿ ಕೇಳಿ ಬೇಸತ್ತಿರಬಹುದು. ಜೀನನ್ನು ಕೇಳುವ ಆತುರದಲ್ಲಿ ತಟ್ಟೆಯನ್ನೂ ದುಡಿಮೆಯನ್ನೂ ಕೇಳುವುದು ಬಿಟ್ಟೆವು. ಇದು ಲ್ಯಾಬು ಬಂದ ಮೇಲೆ ಹತ್ತಿದ ಚಾಳಿಯೂ ಅಲ್ಲ. ಪಕ್ಕದ ಉತ್ತರ ಕನ್ನಡದ ಸಿದ್ದಿಗಳನ್ನು ನೆನಪಿಸಿಕೊಳ್ಳಿ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಆ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಪೂರ್ವಜರು ಆಫ್ರಿಕದವರು, ಓಟ ರಕ್ತದಲ್ಲೇ ಇರಬೇಕು ಎಂಬುದು ಲೆಕ್ಕಾಚಾರ. ಯಾರೂ ಡಿಎನ್‌ಎ ನೋಡಿರಲಿಲ್ಲ. ಅವರಲ್ಲಿ ಆಫ್ರಿಕದ ಜೊತೆ ಭಾರತದ, ಬಹುಶಃ ಪೋರ್ಚುಗಲ್ಲಿನ ಬೆರಕೆಯೂ ಇದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದು 2011ರಲ್ಲಿ. ಪದಕಗಳೇನೋ ಬಂದವು. ಹಾಸ್ಟೆಲು, ಹೊಟ್ಟೆ ತುಂಬ ಊಟ, ಕೋಚು ಸಿಕ್ಕಾಗ ಬಂದವು. ತೊಂಬತ್ತರ ದಶಕದಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಜೀನುಗಳು ಎಲ್ಲಿಗೂ ಹೋಗಿರಲಿಲ್ಲವಲ್ಲ?

ಚೀಟಿ ಬಂತು, ಸಮಯ ಆಗುತ್ತಿದೆಯಂತೆ. ಆದರೆ ಸಾಗರ ತಾಲೂಕಿನಲ್ಲಿ ನಿಂತು ಹಂದಿಗೋಡಿನ ಮಾತೆತ್ತದೆ ಕೂರುವುದು ನನ್ನಿಂದಾಗದು.

ಎಪ್ಪತ್ತರ ದಶಕದ ನಡುವಿನಲ್ಲಿ ಆ ಹಳ್ಳಿಯ ದಲಿತ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿಯುವ ಕಾಯಿಲೆ ಕಾಣಿಸಿತು. ನಾಟಿಗೆ ಬಗ್ಗುತ್ತಿದ್ದವರು ಕೋಲು ಹಿಡಿದರು, ಕೆಲವರು ತೆವಳಿದರು. ಹೊಸನಗರ, ತೀರ್ಥಹಳ್ಳಿ, ಚಿಕ್ಕಮಗಳೂರು ಜಿಲ್ಲೆಯ ಕಡೆಯೂ ಸಿಕ್ಕಿತು. ಮೊದಲ ಗುಮಾನಿ ಹೋದದ್ದು ಗದ್ದೆಯ ಏಡಿಯ ಮೇಲೆ: ಭತ್ತಕ್ಕೆ ಹೊಡೆದ ಕೀಟನಾಶಕ ಏಡಿಗೆ, ಏಡಿಯಿಂದ ತಿಂದವರ ಮೈಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದರು. ಆಮೇಲೆ ಸಂಶೋಧಕ ಅಗರ್‌ವಾಲ್ ಮತ್ತು ಸಂಗಡಿಗರು ವಂಶಾವಳಿ, ಎಕ್ಸ್‌ರೇಗಳನ್ನು ಹರಡಿಕೊಂಡು ಕೂತರು. ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು ಎನ್ನುವಂಥ ಆನುವಂಶಿಕ ಕಾಯಿಲೆ ಎಂದಾಯಿತು. ಅಲ್ಲಿಗೆ ಏಡಿ ಕೈಬಿಟ್ಟುಹೋಯಿತು.

ನನ್ನನ್ನು ಬಿಡದ ಪ್ರಶ್ನೆ ಆಮೇಲಿನದು. ಜೀನು ತಲೆತಲಾಂತರದ್ದಾದರೆ ಅಜ್ಜಂದಿರ ಕಾಲದಲ್ಲಿ ಯಾಕೆ ಸುದ್ದಿಯಾಗಲಿಲ್ಲ? ಕೇರಿಗೆ ಡಾಕ್ಟರು ಕಾಲಿಡದ ಕಾಲ, ಕುಂಟಿದವರನ್ನು ಬರೆದಿಟ್ಟವರಿಲ್ಲ ಎನ್ನಬಹುದು. ಇರಲಿ. ಅದೇ ಕಾಯಿಲೆ ಒಬ್ಬರಿಗೆ ಸೊಂಟದಲ್ಲಿ ನಿಂತು, ಇನ್ನೊಬ್ಬರ ಬೆನ್ನುಮೂಳೆಯ ಮಣಿಗಳನ್ನು ಚಪ್ಪಟೆ ಮಾಡಿ, ಮತ್ತೊಬ್ಬರನ್ನು ಗಿಡ್ಡ ಮಾಡುವುದು ಯಾಕೆ? ಎಳವೆಯ ಹಸಿವೋ, ಕೆಸರಿನಲ್ಲಿ ದಿನವಿಡೀ ಬಗ್ಗಿದ್ದೋ, ಇನ್ನೊಂದು ಜೀನೋ? ಜೀನಿಗೂ ಅನ್ನಕ್ಕೂ ದುಡಿಮೆಗೂ ಏನು ಸಂಬಂಧ ಎಂದು ಕೇಳುವ ವಿಜ್ಞಾನ ಈ ಅಂಗಳದಿಂದಲೇ ಶುರುವಾಗಬಹುದಿತ್ತು. ಶುರುವಾದದ್ದು ಕಾಸು ಕೊಡಬಲ್ಲವರ ಎಂಜಲಿನಿಂದ, ಬಹುಪಾಲು ಯುರೋಪಿಯನ್ನರ ಮೇಲೆ ಕಟ್ಟಿದ ಕೋಷ್ಟಕಗಳಿಂದ.

ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10 ಸಾವಿರ ಭಾರತೀಯರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಸಂತೋಷ. ಆದರೆ ಅಕ್ಷರಗಳ ಸಾಲು ಎಷ್ಟು ಉದ್ದವಿದ್ದರೂ ಆ ಮನುಷ್ಯ ನೆಲ್ಲು ಕುಟ್ಟಿದವನೋ, ಕೊನೆ ಕೊಯ್ಯಲು ಅಡಿಕೆ ಮರ ಹತ್ತಿದವನೋ ಎಂದು ಅದೊಂದೇ ತಿಳಿಸದು.

ಆದ್ದರಿಂದ ಪ್ರಬಂಧ ಮಂಡಿಸುವವರಲ್ಲಿ ಒಂದು ವಿನಂತಿ. ನಿಮ್ಮ ಕೋಷ್ಟಕದಲ್ಲಿ ಜೀನಿನ ಕಾಲಮ್ಮಿನ ಪಕ್ಕ ಇನ್ನೂ ಮೂರು ಕಾಲಮ್ಮು ಇರಲಿ: ಹಿಮೋಗ್ಲೋಬಿನ್, ಹಿಂದಿನ ದಿನದ ಊಟ, ದಿನದ ದುಡಿಮೆಯ ಗಂಟೆ. ಇರದ ಪ್ರಬಂಧಕ್ಕೆ ಮೊದಲ ಪ್ರಶ್ನೆ ನನ್ನದೇ. ಮೈಸೂರಿನ ಗೆಳೆಯರು ಆಗಲೇ ಪೆನ್ನು ತೆಗೆದಿದ್ದಾರೆ.