ಪರಿಸರ ಮಾಲಿನ್ಯ ಮತ್ತು ಹೆಣ್ಣಿನ ಅಂಡಾಶಯದ ಆರೋಗ್ಯ
(ಮಹಿಳಾ ವೇದಿಕೆಯಲ್ಲಿ ಮಾಡಿದ ಉಪನ್ಯಾಸ)



ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗದಿದ್ದರೆ ಎಲ್ಲರೂ ಮೊದಲು ನೋಡುವುದು ಸೊಸೆಯ ಮುಖವನ್ನೇ. ಜಾತಕ ತೋರಿಸುತ್ತಾರೆ, ಹರಕೆ ಹೊರುತ್ತಾರೆ. ಆದರೆ ಅವಳು ಕುಡಿಯುವ ನೀರು, ಉಸಿರಾಡುವ ಗಾಳಿ, ಕೆಲಸ ಮಾಡುವ ಜಾಗ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಇಂದು ನಾವು ಕೇಳೋಣ.

ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿಯುತ್ತವೆ. ಕಳೆದುಹೋದದ್ದನ್ನು ದೇಹ ಮತ್ತೆ ತುಂಬಿಕೊಡುವುದಿಲ್ಲ. ತಂಬಾಕಿನ ಹೊಗೆ ಈ ಸಂಗ್ರಹವನ್ನು ಬೇಗ ಕರಗಿಸುತ್ತದೆ. ಸಿಗರೇಟು ಸೇದುವ ಹೆಂಗಸರಿಗೆ ಒಂದೆರಡು ವರ್ಷ ಮೊದಲೇ ಮುಟ್ಟು ನಿಲ್ಲುತ್ತದೆ. ಕೆಲವು ಕೀಟನಾಶಕಗಳು, ಪ್ಲಾಸ್ಟಿಕ್ಕಿನ ಬಿಸ್ಫೆನಾಲ್-ಎ ಮೊದಲಾದವು ನಮ್ಮ ಹಾರ್ಮೋನುಗಳ ಕೆಲಸವನ್ನೇ ಕೆಡಿಸಬಲ್ಲವು.

ಇದಕ್ಕೆ ಸಾಕ್ಷಿ ನಮ್ಮ ಕನ್ನಡದ ನೆಲ ಕಾಸರಗೋಡು. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಪಡ್ರೆಯ ಸುತ್ತಮುತ್ತ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದರು. ಹೆಂಗಸರು ಗರ್ಭಪಾತ, ಬಂಜೆತನದ ಸಂಕಟ ಹೇಳಿಕೊಂಡರು. ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ದನಿಯೆತ್ತಿದರು. ಅಲ್ಲಿನ ಹುಡುಗರು ತಡವಾಗಿ ಪ್ರಾಯಕ್ಕೆ ಬರುತ್ತಿದ್ದಾರೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಇದನ್ನು ತಡೆಯಿತು. ಅಲ್ಲಿಯವರೆಗೆ ಎಷ್ಟೋ ತಾಯಂದಿರು ತಮ್ಮ ಹಣೆಬರಹವನ್ನೇ ಹಳಿದುಕೊಂಡಿದ್ದರು.

ಈಗ ನಮ್ಮ ನಾಸಿಕ್‌ಗೆ ಬನ್ನಿ. ಯುರೋಪಿಗೆ ಹೋಗುವ ದ್ರಾಕ್ಷಿಯಲ್ಲಿ ಔಷಧಿ ಉಳಿದಿದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುತ್ತದೆ. ಅದೇ ಗೊಂಚಲನ್ನು ಕೈಯಾರೆ ಬಿಡಿಸುವ ಹೆಣ್ಣುಮಗಳ ರಕ್ತವನ್ನು ಯಾರು ಪರೀಕ್ಷಿಸುತ್ತಾರೆ?

ಹಾಗೆಂದು ಎಲ್ಲಕ್ಕೂ ಮಾಲಿನ್ಯವೇ ಕಾರಣವಲ್ಲ. ವಯಸ್ಸು, ಥೈರಾಯ್ಡ್, ಪಿಸಿಒಎಸ್, ಗಂಡನ ವೀರ್ಯದ ತೊಂದರೆ ಎಲ್ಲವೂ ಇರಬಹುದು. ಆದ್ದರಿಂದ ಗಂಡಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, 35 ದಾಟಿದವರಾದರೆ ಆರೇ ತಿಂಗಳಿಗೆ, ವೈದ್ಯರನ್ನು ಕಾಣಿ. ಸಾತ್ಪುರ, ವಾಳೂಜ್‌ನ ಕಾರ್ಖಾನೆಗಳಲ್ಲಿ ಸೀಸ, ಥಿನ್ನರ್ ಮುಟ್ಟುವ ಕೆಲಸವಿದ್ದರೆ ಅದನ್ನೂ ತಪ್ಪದೆ ತಿಳಿಸಿ.

ಬಿಸಿ ಸಾರನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ, ಸ್ಟೀಲಿನದು ಸಾಕು. ಹಣ್ಣನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ತೋಟವಿರುವವರು ಔಷಧಿ ಹೊಡೆದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಬಸುರಿಯರನ್ನು ಆ ಕೆಲಸಕ್ಕೆ ಕರೆಯಲೇಬೇಡಿ.

ಮಕ್ಕಳಾಗದ ಸೊಸೆಗೆ ಇನ್ನು ಮುಂದೆ ‘ಏನಾದರೂ ವಿಶೇಷವೇ?’ ಎಂದು ಕೇಳುವ ಬದಲು, ‘ಆಸ್ಪತ್ರೆಗೆ ಜೊತೆಗೆ ಬರಲೇ?’ ಎನ್ನೋಣ.