ಬಿಳಿಯ ಹುಲಿಯ ಲೆಕ್ಕಾಚಾರ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬುದು ನಮ್ಮ ಹಳೆಯ ಗಾದೆ. ಹೊಂಬಣ್ಣದ ಹುಲಿಗೆ ಬಿಳಿಯ ಮರಿ ಹುಟ್ಟಿದಾಗ ಈ ಗಾದೆ ಸೋಲುತ್ತದೆ. ಆ ಬಿಳುಪು ಎಲ್ಲಿ ಅಡಗಿತ್ತು? ಹುಟ್ಟಲಿರುವ ಮರಿಯ ಬಣ್ಣವನ್ನು ಮೊದಲೇ ಹೇಳಬಹುದೆ? ಈ ಪ್ರಶ್ನೆಗಳಿಗೆ ರೇವಾ ಸೀಮೆಯ ಒಂದು ಹುಲಿಯ ಸಂಸಾರದ ಕಥೆಯಲ್ಲಿ ಉತ್ತರವಿದೆ.

1951ರ ಮೇ ತಿಂಗಳಲ್ಲಿ, ಇಂದು ಮಧ್ಯಪ್ರದೇಶಕ್ಕೆ ಸೇರಿರುವ ಆ ಸೀಮೆಯ ಕಾಡಿನಲ್ಲಿ ಬಿಳಿಯ ಗಂಡುಮರಿಯೊಂದು ಸೆರೆಸಿಕ್ಕಿತು. ಮಹಾರಾಜ ಮಾರ್ತಾಂಡ ಸಿಂಹರು ಅದಕ್ಕೆ ಮೋಹನ ಎಂದು ಹೆಸರಿಟ್ಟು ಗೋವಿಂದಗಢದ ಅರಮನೆಯಲ್ಲಿ ಸಾಕಿದರು. ಪ್ರಾಯಕ್ಕೆ ಬಂದ ಮೋಹನನಿಗೆ ಬೇಗಂ ಎಂಬ ಸಾಮಾನ್ಯ ಬಣ್ಣದ ಹೆಣ್ಣುಹುಲಿ ಜೊತೆಯಾಯಿತು. ಹುಟ್ಟಿದ ಮರಿಗಳಲ್ಲಿ ಒಂದೂ ಬಿಳಿಯದಾಗಿರಲಿಲ್ಲ. ಬಳಿಕ ಆ ಮರಿಗಳಲ್ಲೊಂದಾದ ರಾಧಾ ಎಂಬ ಹೆಣ್ಣನ್ನು ತಂದೆಯೊಡನೆಯೇ ಜೊತೆಗೂಡಿಸಲಾಯಿತು. 1958ರ ಅಕ್ಟೋಬರಿನಲ್ಲಿ ರಾಧಾ ಈಯಿದ ನಾಲ್ಕು ಮರಿಗಳೂ ಬಿಳಿಯವು!

ಈ ಒಗಟನ್ನು ಬಿಡಿಸುವ ಸೂತ್ರವನ್ನು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ 1866ರಲ್ಲಿಯೇ ಪ್ರಕಟಿಸಿದ್ದ. ಮಠದ ತೋಟದಲ್ಲಿ ಬಟಾಣಿ ಬೆಳೆದು ಆತ ಕಂಡುಕೊಂಡ ಸತ್ಯವನ್ನು ಲೋಕ ಮನಗಂಡದ್ದು 1900ರಲ್ಲಿ. ಜೀವಿಯ ಒಂದೊಂದು ಗುಣಕ್ಕೂ ಎರಡು ಅಂಶಗಳುಂಟು. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ಇವನ್ನೇ ಇಂದು ಜೀನುಗಳೆನ್ನುತ್ತೇವೆ. ಹುಲಿಯಲ್ಲಿ ಹೊಂಬಣ್ಣದ ಜೀನು ಪ್ರಬಲ. ಒಂದಿದ್ದರೂ ಸಾಕು, ಬಣ್ಣ ತೋರುತ್ತದೆ. ಬಿಳುಪಿನ ಜೀನು ಸುಪ್ತ. ಎರಡು ಒಟ್ಟುಗೂಡಿದಾಗ ಮಾತ್ರ ಪ್ರಕಟವಾಗುತ್ತದೆ.

ಹೊಂಬಣ್ಣಕ್ಕೆ ‘ಹೊ’, ಬಿಳುಪಿಗೆ ‘ಬಿ’ ಎಂದು ಗುರುತಿಟ್ಟುಕೊಳ್ಳೋಣ. ಮೋಹನ ‘ಬಿ-ಬಿ’. ಮರಿಗಳನ್ನು ನೋಡಿದರೆ ಬೇಗಂ ‘ಹೊ-ಹೊ’ ಎಂದು ಊಹಿಸಬಹುದು. ಆದುದರಿಂದ ರಾಧಾ ‘ಹೊ-ಬಿ’. ಮೈ ಹೊಂಬಣ್ಣದ್ದು, ಒಳಗೆ ತಂದೆಯ ಬಿಳುಪು. ಮೋಹನನಿಂದ ಪ್ರತಿ ಮರಿಗೂ ‘ಬಿ’ ಖಂಡಿತ. ರಾಧಾಳಿಂದ ‘ಹೊ’ ಬರಬಹುದು, ‘ಬಿ’ ಬರಬಹುದು. ಎಂದರೆ ಸರಾಸರಿಯಲ್ಲಿ ಅರ್ಧ ಮರಿಗಳು ಬಿಳಿಯವಾಗಬೇಕು. ಹಾಗಾದರೆ ನಾಲ್ಕಕ್ಕೆ ನಾಲ್ಕೂ ಬಿಳಿಯವಾದುದು ಹೇಗೆ? ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ನಾಲ್ಕು ಸಲವೂ ರಾಜನ ತಲೆಯೇ ಬೀಳುವ ಸಂಭವ ಹದಿನಾರರಲ್ಲಿ ಒಂದು. ಗೋವಿಂದಗಢದಲ್ಲಿ ಆದದ್ದು ಅದೇ. ಶಾಸ್ತ್ರ ಹೇಳುವುದು ಪ್ರಮಾಣವನ್ನು. ಇಂಥ ಮರಿ ಇಂಥ ಬಣ್ಣದ್ದೇ ಎಂಬ ಭವಿಷ್ಯವನ್ನು ಎಲ್ಲ ಸಂದರ್ಭದಲ್ಲಿಯೂ ಹೇಳಲಾರದು. ತಂದೆತಾಯಿ ಇಬ್ಬರೂ ‘ಬಿ-ಬಿ’ ಆದಾಗ ಮಾತ್ರ ಮರಿಗಳೆಲ್ಲ ಬಿಳಿಯವೆಂದು ನಿಶ್ಚಯವಾಗಿ ಹೇಳಬಹುದು.

ಬಿಳಿಯ ಹುಲಿಯ ಪಟ್ಟೆಗಳು ಕಪ್ಪಾಗಿಯೇ ಉಳಿದಿರುತ್ತವೆ. ಇದರ ಕಾರಣ 2013ರಲ್ಲಿ ತಿಳಿದುಬಂತು. ಬಣ್ಣದ ತಯಾರಿಕೆಗೆ ನೆರವಾಗುವ ಪ್ರೋಟೀನೊಂದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅದರಿಂದ ಕೆಂಪು-ಹಳದಿ ವರ್ಣ ಅಳಿದು, ಕಪ್ಪು ಬಹುಮಟ್ಟಿಗೆ ಉಳಿಯುತ್ತದೆ.

ಇಷ್ಟಾದರೆ ಇದು ಸೊಗಸಾದ ಲೆಕ್ಕ. ಆದರೆ ಎರಡು ‘ಬಿ’ಗಳನ್ನು ಕೂಡಿಸುವ ಸುಲಭೋಪಾಯ ಹತ್ತಿರದ ರಕ್ತಸಂಬಂಧಿಗಳನ್ನು ಜೊತೆಗೂಡಿಸುವುದು. ಒಂದೇ ವಂಶದ ಒಳಗೆ ಬಿಳುಪೊಂದೇ ಅಡಗಿರುವುದಿಲ್ಲ; ಕೇಡು ತರುವ ಇತರ ಸುಪ್ತ ಜೀನುಗಳೂ ಇರುತ್ತವೆ. ಅವೂ ಜೋಡಿಯಾಗಿ ಮೇಲೆದ್ದು ಬರುತ್ತವೆ. ಬಿಳುಪಿನೊಂದಿಗೇ ಬರುವ ದೋಷವೂ ಒಂದುಂಟು: ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳು ದಾರಿ ತಪ್ಪಿ, ಅನೇಕ ಬಿಳಿಹುಲಿಗಳು ಮೆಳ್ಳೆಗಣ್ಣಿನವಾಗುತ್ತವೆ. ಅಮೆರಿಕದ ಮೃಗಾಲಯಗಳ ಸಂಘ ತನ್ನ ಸದಸ್ಯರು ಬಿಳಿಹುಲಿಗಳ ತಳಿ ಬೆಳೆಸುವುದನ್ನು 2011ರಲ್ಲಿ ನಿಷೇಧಿಸಿತು.

ಬೋನಿನ ಹೊರಗೂ ಇದೇ ನಿಯಮ ನಡೆಯುತ್ತದೆ. ಒಡಿಶಾದ ಸಿಮ್ಲಿಪಾಲ ಅರಣ್ಯದ ಹಲವು ಹುಲಿಗಳಲ್ಲಿ ಪಟ್ಟೆಗಳು ಅಗಲವಾಗಿ ಒಂದರೊಡನೊಂದು ಬೆರೆತು ಮೈ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ ಇದಕ್ಕೂ ಒಂದು ಸುಪ್ತ ಜೀನೇ ಕಾರಣವೆಂದು 2021ರಲ್ಲಿ ತೋರಿಸಿತು. ಇಲ್ಲಿ ಯಾವ ಮಹಾರಾಜರೂ ಜೋಡಿ ಕೂಡಿಸಲಿಲ್ಲ. ಬೇರೆ ಕಾಡುಗಳ ಸಂಪರ್ಕ ತಪ್ಪಿ, ಇದ್ದ ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಬೆಳೆದುದರಿಂದ ಅಪೂರ್ವವಾದುದು ಅಲ್ಲಿ ಸಾಮಾನ್ಯವಾಯಿತು.

ಆದ್ದರಿಂದ ವಿಚಿತ್ರ ಬಣ್ಣದ ಪ್ರಾಣಿಯನ್ನು ಕಂಡು ಬೆರಗಾಗುವಾಗ, ಅದರ ತಂದೆತಾಯಿಗಳು ಎಷ್ಟು ಹತ್ತಿರದ ನೆಂಟರು ಎಂದೂ ಕೇಳಬೇಕು. ಮೆಂಡೆಲನ ಲೆಕ್ಕದಿಂದ ನಮಗೆ ಬೇಕಾದ ಬಣ್ಣವನ್ನು ಪಡೆಯಬಹುದು. ಹುಲಿಯ ವಂಶಕ್ಕೆ ಬೇಕಾದದ್ದು ದೂರದ ನೆಂಟಸ್ತನ. ಅದಕ್ಕೆ ಕಾಡಿನಿಂದ ಕಾಡಿಗೆ ದಾರಿ ತೆರೆದಿರಬೇಕು.